ಮನೆಗೊಂದು ಅಗ್ಗದ ಫೋನು

ಸಂತೆಯಲ್ಲಿ ಬದನೆಕಾಯಿ ಆರಿಸುವುದು ಸುಲಭ. ಹಿಸುಕಿ ನೋಡಬಹುದು, ಚೌಕಾಸಿ ಮಾಡಬಹುದು. ಫೋನು ಆರಿಸುವುದು ಹಾಗಲ್ಲ. ಅದರ ಒಳಗೂ ಕಾಣದು, ಅದರ ಬೆಲೆಯೂ ಪೂರ್ತಿ ಕಾಣದು.

ಬಾಗೂರಿನ ಮನೆಯಲ್ಲಿ ನಮ್ಮವ್ವ ಒಬ್ಬಳೇ ಇದ್ದಾಳೆ. ತಂತಿಯ ಫೋನು ಮೂಕವಾಗಿ ಬಹಳ ಕಾಲವಾಯಿತು. ಗುಂಡಿ ಒತ್ತುವ ಮೊಬೈಲಿದೆ. ಅದರ ಅಂಕಿಗಳು ಅವಳ ಕಣ್ಣಿಗೆ ಹತ್ತುವುದಿಲ್ಲ, ನಡುಮನೆಯಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಟಚ್ ಫೋನು ತೋರಿಸಿದರೆ, "ಇದನ್ನ ಸವರಬೇಕೋ, ಒತ್ತಬೇಕೋ? ಬ್ಯಾಡಪ್ಪಾ. ಗಂಟೆ ಹೊಡೆದ್ರೆ ಎತ್ತೋ ಅಂಥದ್ದು ಕೊಡು" ಎಂದಳು. ಹೀಗೆ, ಇಂಟರ್ನೆಟ್ಟಿನ ಮೂಲಕ ಮಾತಾಡುವ ಫೋನಿನ ವಿಚಾರ ನನ್ನ ತಲೆಗೆ ಬಂತು.

ಈ ವಿದ್ಯೆ ದೊಡ್ಡ ರಹಸ್ಯವೇನಲ್ಲ. ನಾವಾಡುವ ಮಾತನ್ನು ಯಂತ್ರವು ಸಾಮಾನ್ಯವಾಗಿ ಸೆಕೆಂಡಿಗೆ 50 ತುಂಡು ಮಾಡಿ, ಒಂದೊಂದಕ್ಕೂ ವಿಳಾಸ ಹಚ್ಚಿ ಕಳಿಸುತ್ತದೆ. ಆಚೆಯ ಯಂತ್ರವು ಅವನ್ನು ಪೋಣಿಸಿ ಮತ್ತೆ ಮಾತಾಗಿಸುತ್ತದೆ. ಇದಕ್ಕೆ ಸೆಕೆಂಡಿಗೆ ಸುಮಾರು 90 ಕಿಲೋಬಿಟ್ ಸಾಕು. 30 ಮೆಗಾಬಿಟ್ಟಿನ ಸಾಧಾರಣ ಸಂಪರ್ಕವೇ ಧಾರಾಳವಾಯಿತು. ವೇಗವನ್ನು ಹೊಗಳಿ ಹೆಚ್ಚು ಹಣ ಕೇಳುವವರಿಗೆ ಕೈಮುಗಿಯಬಹುದು. ನಮ್ಮ ಸರ್ಕಾರ 2002ರಲ್ಲಿಯೇ ಇಂಟರ್ನೆಟ್ ಮಾತಿಗೆ ಅಪ್ಪಣೆ ಕೊಟ್ಟಿತಾದರೂ, ಅದರಿಂದ ದೇಶದೊಳಗಿನ ಸಾಮಾನ್ಯ ಫೋನಿಗೆ ಕರೆಮಾಡುವ ದಾರಿ ಚೆನ್ನಾಗಿ ತೆರೆದದ್ದು 2018ರಲ್ಲಿ.

ನನ್ನ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ವಾಟ್ಸಾಪಿನಂಥದು, ಖರ್ಚಿಲ್ಲ, ಆದರೆ ಟಚ್ ಫೋನು ಬೇಕು, ಕಷ್ಟಕಾಲದಲ್ಲಿ 112ಕ್ಕೆ ಅದರಿಂದ ಕರೆ ಹೋಗದು. ಎರಡನೆಯದು, ಹಳೆಯ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ. ಅದಕ್ಕೆ ಬೇರೆ ಖಾತೆ, ಬೇರೆ ಹೊಂದಾಣಿಕೆ. ಕೆಟ್ಟರೆ ಅವ್ವ ಯಾರನ್ನು ಕರೆಯಬೇಕು? ಮೂರನೆಯದು ಫೈಬರ್ ಸಂಪರ್ಕ. ಅದರ ಪೆಟ್ಟಿಗೆಯ ಬೆನ್ನಿನಲ್ಲೇ ಫೋನಿನ ಕಿಂಡಿಯಿರುತ್ತದೆ. ಕರೆಗಳ ಖರ್ಚು ತಿಂಗಳ ಬಾಡಿಗೆಯಲ್ಲೇ ಸೇರಿರುತ್ತದೆ. ಅಟ್ಟದ ಮೇಲಿದ್ದ ಹಳೆಯ ಫೋನನ್ನೇ ಧೂಳು ಒರೆಸಿ ಸಿಕ್ಕಿಸಬಹುದು. ಇದನ್ನೇ ಆರಿಸಿದೆ.

ತಂತಿ ಎಳೆಯಲು ಬಂದ ಹುಡುಗನನ್ನು ಅವ್ವ ಕೇಳಿದಳು: "ಕರೆಂಟು ಹೋದ್ರೂ ಇದು ಗಂಟೆ ಹೊಡೀತೈತೇನಪ್ಪಾ?"

"ಇಲ್ಲಜ್ಜಿ. ಕರೆಂಟಿದ್ರೆ ಮಾತ್ರ."

ನಾನು ಓದಿದ ಯಾವ ಜಾಹೀರಾತಿನಲ್ಲೂ ಈ ಪ್ರಶ್ನೆಯಿರಲಿಲ್ಲ. ಹಳೆಯ ಫೋನಿಗೆ ಬೇಕಾದ 48 ವೋಲ್ಟು ದೂರದ ಕೇಂದ್ರದ ಬ್ಯಾಟರಿಯಿಂದ ಮಾತಿನ ತಂತಿಯಲ್ಲೇ ಬರುತ್ತಿತ್ತು. ಗಾಜಿನ ಎಳೆ ಬೆಳಕನ್ನು ತಂದೀತೇ ಹೊರತು ಕರೆಂಟನ್ನು ತಾರದು. ಹೊಸದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ವಿದ್ಯುತ್ತು ತಯಾರಿಸುತ್ತ ತಿರುಗುತ್ತಿರುತ್ತವೆ. ಕೆಳಗೆ ಮಳೆಗಾಲದ ರಾತ್ರಿ ನಮ್ಮ ಮನೆ ಕತ್ತಲಲ್ಲಿರುತ್ತದೆ. ಮುದುಕಿಯೊಬ್ಬಳಿಗೆ ಫೋನು ಬೇಕಾಗುವುದು ಅಂಥ ರಾತ್ರಿಯೇ ಅಲ್ಲವೇ?

ಫೈಬರ್ ಪೆಟ್ಟಿಗೆಯ ಅಡಾಪ್ಟರಿನ ಮೇಲೆ 12 ವೋಲ್ಟೆಂದು ಬರೆದದ್ದನ್ನು ನೋಡಿಕೊಂಡು, ಅದಕ್ಕೊಪ್ಪುವ ಮಿನಿ ಯು.ಪಿ.ಎಸ್. ಒಂದನ್ನು ತಂದೆ. ದಾರಿಯ ಪೆಟ್ಟಿಗೆಗೂ ಬ್ಯಾಟರಿ ಇದೆಯೆಂದು ಹುಡುಗನಿಂದ ಕೇಳಿ ತಿಳಿದುಕೊಂಡೆ. ಗುಂಡಿಯ ಮೊಬೈಲು ಆಪತ್ತಿಗಿರಲೆಂದು ಗೂಟಕ್ಕೆ ತೂಗುಬಿದ್ದಿತು. ಲೆಕ್ಕದಲ್ಲಿ ಖರ್ಚು ಸ್ವಲ್ಪ ಏರಿತು. ಆದರೂ ನನಗೆ ಇದೇ ಅಗ್ಗವೆನಿಸಿತು.

ಸಂಜೆ ಮೇನ್ ಸ್ವಿಚ್ಚು ಆರಿಸಿ, ಜಗಲಿಯಿಂದ ಕರೆಮಾಡಿದೆ. ಎರಡನೆಯ ಗಂಟೆಗೇ ಎತ್ತಿದಳು.

"ಯಾರಪ್ಪಾ? ನೀನೇನು? ನಮ್ಮನ್ಯಾಗೆ ಕರೆಂಟಿಲ್ಲ ಕಣೋ. ಆದ್ರೂ ಹೊಡೀತು ನೋಡು!"