ಹಿಂದಿನ ಲೈಟಿನ ಗೆರೆಗಳು

2025ರ ಸೆಪ್ಟೆಂಬರಿನಲ್ಲಿ ಮರ್ಸಿಡಿಸ್‌ನವರು ಮ್ಯೂನಿಕ್‌ನ ಮೋಟಾರು ಪ್ರದರ್ಶನದಲ್ಲಿ ತಮ್ಮ ಹೊಸ ಎಲೆಕ್ಟ್ರಿಕ್ ಜಿಎಲ್‌ಸಿಯನ್ನು ತೋರಿಸಿದರು. ಅದರ ಮುಂಭಾಗದ ಗ್ರಿಲ್ಲಿನಲ್ಲಿ 942 ಬೆಳಕಿನ ಚುಕ್ಕಿಗಳು. ಫೋನಿನಲ್ಲಿ ಬಂದ ವಿಡಿಯೋವನ್ನು ಅಪ್ಪಯ್ಯನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿ, "ಇದೆಂತ ಮಾಣಿ, ಗಣಪತಿ ಮಂಟಪವಾ?" ಎಂದರು.

ನಗು ಬಂತು. ಆದರೆ ಮರ್ಸಿಡಿಸ್ ವಿಷಯದಲ್ಲಿ ಅಪ್ಪಯ್ಯನ ಮಾತನ್ನು ತಮಾಷೆ ಎಂದು ತಳ್ಳಿಹಾಕುವ ಧೈರ್ಯ ನನಗಿಲ್ಲ. ಎಂಟು ವರ್ಷ ಅವರು ಒಂದು ಮರ್ಸಿಡಿಸ್ ಓಡಿಸಿದ್ದಾರೆ. ಅದರ ಹಿಂದಿನ ಸೀಟಿನಲ್ಲಿ ಮಾತ್ರ ಒಂದು ದಿನವೂ ಕೂತವರಲ್ಲ.

ಕುಂದಾಪುರದ ಕಡೆಯಿಂದ ಹದಿನೈದರ ಹರೆಯದಲ್ಲಿ ಮುಂಬಯಿಗೆ ಬಂದ ಅಪ್ಪಯ್ಯ ಮೊದಲು ಮಾಟುಂಗಾದ ಹೋಟೆಲೊಂದರಲ್ಲಿ ಲೋಟ ತೊಳೆದರು, ರಾತ್ರಿ ಶಾಲೆಗೆ ಹೋದರು, ಆಮೇಲೆ ಯಾರದೋ ಟ್ಯಾಕ್ಸಿಯಲ್ಲಿ ಕಲಿತು ಲೈಸೆನ್ಸ್ ಮಾಡಿಸಿಕೊಂಡರು. 1982ರಲ್ಲಿ ಪೆಡ್ಡರ್ ರೋಡಿನ ಒಬ್ಬ ಸೇಠ್ ಅವರಲ್ಲಿ ಡ್ರೈವರ್ ಆಗಿ ಸೇರಿದರು. ಮೊದಲು ಫಿಯೆಟ್, ನಂತರ ಕಾಂಟೆಸ್ಸಾ, 1996ರಲ್ಲಿ ಮರ್ಸಿಡಿಸ್. ಆಗಷ್ಟೇ ಮರ್ಸಿಡಿಸ್‌ನವರು ಟೆಲ್ಕೊ ಜತೆ ಸೇರಿ ಪಿಂಪ್ರಿಯಲ್ಲಿ ಇ-ಕ್ಲಾಸ್ ಜೋಡಿಸಲು ಶುರುಮಾಡಿದ್ದರು. ಕಂಪನಿಯ ಲೆಕ್ಕದಲ್ಲಿ ಡಬ್ಲ್ಯು124 ಎಂಬ ಮಾದರಿ. ಜರ್ಮನಿಯಲ್ಲಿ ಅದು 1984ರ ಕೊನೆಗೇ ಬಂದಿತ್ತು. ನಮ್ಮಲ್ಲಿಗೆ ಬರುವಾಗ ಅಲ್ಲಿ ಅದರ ಕಾಲ ಮುಗಿಯುತ್ತಿತ್ತು. ನಮಗೇನು ಗೊತ್ತು? ಘಾಟ್ಕೋಪರಿನ ನಮ್ಮ ಚಾಳಿನಲ್ಲಿ ಅದು ಪ್ರಪಂಚದ ಅತಿ ಹೊಸ ಕಾರು.

ಕೆಲವು ಭಾನುವಾರ ಅಪ್ಪಯ್ಯ ನನ್ನನ್ನೂ ಸೇಠ್ ಅವರ ಗ್ಯಾರೇಜಿಗೆ ಕರೆದೊಯ್ಯುತ್ತಿದ್ದರು. ಹನ್ನೆರಡರ ಹುಡುಗನಿಗೆ ಅವರು ವಹಿಸಿದ್ದ ಕೆಲಸ ಒಂದೇ, ಹಿಂದಿನ ಲೈಟು ಒರೆಸುವುದು. ಆ ಲೈಟಿನ ಮೇಲ್ಮೈ ನುಣುಪಾಗಿರಲಿಲ್ಲ. ಹಂಚಿನ ಮಾಡಿನ ಹಾಗೆ ಅಡ್ಡಡ್ಡ ಉಬ್ಬು ತಗ್ಗುಗಳು. ಬೆರಳಿಗೆ ಬಟ್ಟೆ ಸುತ್ತಿ ಒಂದೊಂದೇ ಗೆರೆಯನ್ನು ಒರೆಸಬೇಕು. ಬೇಸರ ಬಂದು, ಇದನ್ನು ಹೀಗ್ಯಾಕೆ ಮಾಡಿದ್ದಾರೆ ಎಂದು ಕೇಳಿದ್ದೆ. "ಎಂತಕ್ಕೋ ಮಾಡಿರ್ತಾರೆ. ಇವ್ರು ಸುಮ್ನೆ ಮಾಡೂದಿಲ್ಲ" ಎಂದಿದ್ದರು.

ಎಂತಕ್ಕೆ ಎಂಬುದು ಇಂಜಿನಿಯರಿಂಗ್ ಓದುವಾಗ ತಿಳಿಯಿತು. ಮಳೆಯಲ್ಲಿ ಓಡುವ ಕಾರಿನ ಹಿಂಭಾಗಕ್ಕೆ ಕೆಸರು ಬಂದು ಮೆತ್ತಿಕೊಳ್ಳುತ್ತದೆ. ಉಬ್ಬಿದ ಗೆರೆಗಳಿಗೆ ಕೆಸರು ಹತ್ತಿದರೂ ತಗ್ಗುಗಳು ಬಹುಪಾಲು ಸ್ವಚ್ಛವಾಗಿ ಉಳಿದು, ಹಿಂದಿನಿಂದ ಬರುವವನಿಗೆ ದೀಪ ಕಾಣುತ್ತದೆ. ಇದರ ಹಿಂದೆ ಇದ್ದವರು ಬೇಲಾ ಬರೇನಿ. ಅಪಘಾತದಲ್ಲಿ ತಾನು ನುಜ್ಜಾಗಿ ಒಳಗಿನವರನ್ನು ಉಳಿಸುವ ಕಾರಿನ ಮುಂಭಾಗವನ್ನು ಕಲ್ಪಿಸಿದವರೂ ಅವರೇ. ಮುಂಬಯಿಯ ಜುಲೈ ತಿಂಗಳಲ್ಲಿ ಸಾಯನ್ ಸರ್ಕಲ್ ದಾಟಿದವರಿಗೆ ಆ ಗೆರೆಗಳ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆ ಕಾರಿನಲ್ಲಿ ಹೀಗೆ ಕಾರಣವಿಲ್ಲದ ವಸ್ತು ಸಿಗುವುದು ಕಷ್ಟ. ವೈಪರ್ ಒಂದೇ ಒಂದು. ಆದರೆ ಅದು ಅರ್ಧವೃತ್ತ ಎಳೆದು ಸುಮ್ಮನಾಗುತ್ತಿರಲಿಲ್ಲ. ಮೂಲೆಗಳಿಗೆ ಹೋಗುವಾಗ ಕೈ ಚಾಚಿ, ನಡುವಿಗೆ ಬರುವಾಗ ಒಳಗೆಳೆದುಕೊಂಡು, ಗಾಜಿನ 86 ಶೇಕಡಾ ಭಾಗವನ್ನು ಒರೆಸುತ್ತಿತ್ತು. ಅದನ್ನು ನೋಡಲೆಂದೇ ನಾನು ಮಳೆಗಾಲ ಕಾಯುತ್ತಿದ್ದೆ. ಡಿಕ್ಕಿ ಹಿಂದಕ್ಕೆ ಹೋದಂತೆ ಕಿರಿದಾಗುತ್ತಿದ್ದುದು ಗಾಳಿಯ ಸಲುವಾಗಿ. ನೋಡಲು ಪೆಟ್ಟಿಗೆಯಂತಿದ್ದರೂ ಗಾಳಿಯನ್ನು ಸೀಳುವ ಅದರ ಅಂಕ 0.30ರ ಆಸುಪಾಸು, ಆ ಕಾಲಕ್ಕೆ ಬಹಳ ಕಡಿಮೆ.

ಈ ಕಾರಿನ ಹೊತ್ತಿನಲ್ಲಿ ಮರ್ಸಿಡಿಸ್‌ನ ವಿನ್ಯಾಸದ ಹೊಣೆ ಬ್ರೂನೊ ಸಾಕ್ಕೊ ಅವರದು. ಇಟಲಿಯ ಊದಿನೆಯಲ್ಲಿ ಹುಟ್ಟಿ, 1958ರಲ್ಲಿ ಜರ್ಮನಿಯ ಈ ಕಂಪನಿ ಸೇರಿ, 1975ರಿಂದ 1999ರ ತನಕ ವಿನ್ಯಾಸ ವಿಭಾಗವನ್ನು ನಡೆಸಿದವರು. ವಲಸೆ ಬಂದವನೇ ಆ ಮನೆಯ ಮುಖಚಹರೆಯನ್ನು ಕಾಪಾಡಿದ ಎಂಬುದು ನಮ್ಮಂಥವರಿಗೆ ಸ್ವಲ್ಪ ಹೆಚ್ಚೇ ಖುಷಿ ಕೊಡುವ ಸಂಗತಿ. ಅವರು ಎರಡು ನಿಯಮ ಇಟ್ಟುಕೊಂಡಿದ್ದರು. ಒಂದು, ಒಂದೇ ಕಾಲದ ಚಿಕ್ಕ ಕಾರೂ ದೊಡ್ಡ ಕಾರೂ ಒಂದೇ ಮನೆಯವೆಂದು ಗೊತ್ತಾಗಬೇಕು. ಎರಡನೆಯದು ನನಗೆ ಹೆಚ್ಚು ಇಷ್ಟ: ಹೊಸ ಮಾದರಿ ಬಂದ ಕೂಡಲೇ ಹಳೆಯದು ಮುದುಕನಂತೆ ಕಾಣಬಾರದು. ಹತ್ತು ವರ್ಷದ ಹಿಂದೆ ದುಡ್ಡು ಕೊಟ್ಟವನನ್ನು ಇವತ್ತು ರಸ್ತೆಯಲ್ಲಿ ನಾಚಿಸಬಾರದು. 1976ರ ಡಬ್ಲ್ಯು123, 1979ರ ಎಸ್-ಕ್ಲಾಸ್, 1982ರ 190, ನಮ್ಮ 124 ಇವನ್ನು ಸಾಲಾಗಿ ನಿಲ್ಲಿಸಿದರೆ ಅಣ್ಣತಮ್ಮಂದಿರು ಮದುವೆಮನೆಯ ಫೋಟೋಕ್ಕೆ ನಿಂತ ಹಾಗಿರುತ್ತದೆ. ಸಾಕ್ಕೊ ತಪ್ಪೇ ಮಾಡದವರೇನಲ್ಲ. 1991ರ ಎಸ್-ಕ್ಲಾಸ್ ನಾಲ್ಕು ಇಂಚು ಹೆಚ್ಚು ಎತ್ತರವಾಯಿತೆಂದು ತಾವೇ ಒಪ್ಪಿಕೊಂಡಿದ್ದರು. ಅದಕ್ಕೂ ದೊಡ್ಡ ಸಂಗತಿಯೆಂದರೆ, ಆ ನಿಯಮ ಮೊದಲು ಮುರಿದದ್ದೂ ಅವರ ಕಾಲದಲ್ಲೇ. 1995ರಲ್ಲಿ ಬಂದ ಮುಂದಿನ ಇ-ಕ್ಲಾಸ್‌ಗೆ ನಾಲ್ಕು ದುಂಡು ಕಣ್ಣುಗಳು.

ಆ ನಾಲ್ಕು ಕಣ್ಣಿನ ಗಾಡಿ ಸೇಠ್ ಅವರ ಪಕ್ಕದ ಬಿಲ್ಡಿಂಗಿಗೆ ಬಂದ ದಿನ ಅಪ್ಪಯ್ಯ ಮನೆಗೆ ಬಂದು, "ಮೋರೆಯೇ ಬೇರೆ ಆಯ್ತ್" ಎಂದು ಅಮ್ಮನಿಗೆ ಹೇಳಿದ್ದು ನೆನಪಿದೆ, ಯಾರೋ ನೆಂಟರಿಗೆ ಕಾಯಿಲೆ ಬಂತೆಂಬ ದನಿಯಲ್ಲಿ. ಸೇಠ್ ಮಾತ್ರ ಕಾರು ಬದಲಿಸಲಿಲ್ಲ. ಇದು ಹಳತಾಯಿತು ಎಂದು ಅವರಿಗೆ ಅನಿಸಲೇ ಇಲ್ಲವಂತೆ.

2004ರ ಮಳೆಗಾಲದಲ್ಲಿ ಸೇಠ್ ತೀರಿಕೊಂಡರು. ಮಗನಿಗೆ ತನ್ನ ಕಾರು ತಾನೇ ಓಡಿಸುವ ಹುಚ್ಚು. ಇಪ್ಪತ್ತೆರಡು ವರ್ಷದ ಚಾಕರಿಯ ಲೆಕ್ಕ ಚುಕ್ತಾ ಮಾಡುವಾಗ ಅವರು ಅಪ್ಪಯ್ಯನ ಮುಂದೆ ಎರಡು ಆಯ್ಕೆ ಇಟ್ಟರು: ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ, ಇಲ್ಲವೇ ಆ ಕಾರು. ಎರಡು ದಿನ ಯೋಚಿಸಿ ಹೇಳು ಎಂದರಂತೆ. ಅಪ್ಪಯ್ಯ ದುಡ್ಡು ತೆಗೆದುಕೊಂಡರು. ನಾನಾಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಆ ವರ್ಷದ ಫೀಸು ಎಲ್ಲಿಂದ ಬಂತೆಂದು ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಆರು ವರ್ಷದ ನಂತರ ನಾನು ಕಂತಿನಲ್ಲಿ ಮೊದಲ ಸಣ್ಣ ಕಾರು ತಂದಾಗ, ಅದಕ್ಕೆ ಆರತಿ ಎತ್ತುತ್ತಾ ಅಮ್ಮ ಬಾಯಿಬಿಟ್ಟರು.

ಕಾರು ತೆಗೆದುಕೊಂಡಿದ್ದರೆ ಏನು ಮಾಡುತ್ತಿದ್ದೆವು? ನಮ್ಮ ಓಣಿಯೊಳಗೆ ಅದು ತಿರುಗುತ್ತಲೂ ಇರಲಿಲ್ಲ. "ಅದ್ರ ಬ್ರೇಕ್ ಹೋದ್ರೆ ನಮ್ಮನೆ ಎರಡು ತಿಂಗ್ಳ ಅಕ್ಕಿ ಹೋಪುದು" ಎಂದು ಅಮ್ಮನ ಲೆಕ್ಕ. ಸರಿಯಾದ ಲೆಕ್ಕವೇ. ಆದರೂ ಅಪ್ಪಯ್ಯ ಆಮೇಲೆ ಎಷ್ಟೋ ವರ್ಷ ರಸ್ತೆಯಲ್ಲಿ ಹಳೇ ಮರ್ಸಿಡಿಸ್ ಕಂಡರೆ ನಿಂತು ಅದರ ನಂಬರ್ ಪ್ಲೇಟ್ ನೋಡುತ್ತಿದ್ದರು. ಯಾಕೆ ನೋಡುತ್ತಾರೆಂದು ನನಗೆ ಅರ್ಥವಾಗಿದ್ದು ಅಮ್ಮ ಹೇಳಿದ ಮೇಲೆ.

ಈಗ ನಾನು ಪುಣೆ ಹತ್ತಿರದ ಚಾಕಣದಲ್ಲಿ, ಕಾರಿನ ಪ್ಲಾಸ್ಟಿಕ್ ಭಾಗಗಳ ಮೋಲ್ಡ್ ವಿನ್ಯಾಸ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಮರ್ಸಿಡಿಸ್ ಕಾರ್ಖಾನೆಯೂ 2009ರಲ್ಲಿ ಇಲ್ಲಿಗೇ ಬಂತು. ಅಲ್ಲಿಂದ ಹೊರಬೀಳುವ ಮಾದರಿಗಳನ್ನು ನೋಡುತ್ತಾ ಹದಿನಾರು ವರ್ಷ ಕಳೆದಿದೆ. 1997ರ ಹೊತ್ತಿಗೇ ಕಂಪನಿ ಪುಟ್ಟ ಎ-ಕ್ಲಾಸ್‌ಗೂ ಎತ್ತರದ ಎಂ-ಕ್ಲಾಸ್‌ಗೂ ಇಳಿದಾಗಿತ್ತು. ನಂತರ ಅಕ್ಷರಮಾಲೆಯೇ ಸಾಲದಷ್ಟು ಮಾದರಿಗಳು. ನನ್ನ ಮಟ್ಟಿಗೆ ದೊಡ್ಡ ತಿರುವು 2004ರ ಸಿಎಲ್‌ಎಸ್. ನಾಲ್ಕು ಬಾಗಿಲಿದ್ದೂ ಕೂಪೆಯಂತೆ ಹಿಂದಕ್ಕೆ ಇಳಿಯುವ ಮಾಡು. ಚೆಲುವಾದ ಕಾರು, ಸುಳ್ಳು ಹೇಳಬಾರದು. ಆದರೆ ಆ ಗೆರೆ ಎಳೆದವರ ಮನಸ್ಸಿನಲ್ಲಿದ್ದದ್ದು ಸ್ಟಿಯರಿಂಗ್ ಹಿಡಿದ ಒಡೆಯ. ಹಿಂದೆ ಕೂರುವ ಸೇಠ್ ಆ ಚಿತ್ರದಲ್ಲಿಲ್ಲ, ಅವನಿಲ್ಲದ ಮೇಲೆ ಮುಂದೆ ಕೂರುವ ಅಪ್ಪಯ್ಯನೂ ಇಲ್ಲ. ಭಾರತ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. 2017ರಿಂದ ಚಾಕಣದಲ್ಲಿ ತಯಾರಾಗುತ್ತಿರುವುದು ಹಿಂದಿನ ಸೀಟಿನವರ ಕಾಲಿಗೆಂದೇ ಉದ್ದ ಮಾಡಿದ ಇ-ಕ್ಲಾಸ್.

2008ರಲ್ಲಿ ವಿನ್ಯಾಸದ ಚುಕ್ಕಾಣಿ ಗೋರ್ಡನ್ ವಾಗೆನರ್ ಅವರಿಗೆ ಹೋಯಿತು. ಚೂಪು ಅಂಚುಗಳನ್ನು ಅಳಿಸಿ, ಮೈಯನ್ನು ನುಣುಪಾಗಿಸಿ, ಇಂದ್ರಿಯಕ್ಕೆ ಹಿತವಾದ ಸರಳತೆ ಎಂಬ ಘೋಷಣೆ ಕೊಟ್ಟರು. ಸಾಕ್ಕೊ ಅವರ ಮೊದಲ ನಿಯಮ ಅತಿಯಾಗಿ ಪಾಲನೆಯಾಯಿತು. 2014ರ ಹೊತ್ತಿಗೆ ಸಿ ಯಾವುದು, ಎಸ್ ಯಾವುದು ಎಂದು ದೂರದಿಂದ ಹೇಳಲು ನನಗೂ ಕಷ್ಟವಾಗುತ್ತಿತ್ತು. ಎರಡನೆಯ ನಿಯಮ ಎಲ್ಲೋ ಬಿದ್ದುಹೋಯಿತು. 2021ರಲ್ಲಿ ಎಲೆಕ್ಟ್ರಿಕ್ ಇಕ್ಯುಎಸ್ ಬಂತು. ಗ್ರಿಲ್ಲಿನ ಜಾಗದಲ್ಲಿ ಕಪ್ಪು ಹಲಗೆ, ಬಾನೆಟ್ ಮೇಲೆ ನಿಲ್ಲುವ ನಕ್ಷತ್ರವಿಲ್ಲ, ಉದ್ದ ಬಾನೆಟ್ಟೂ ಇಲ್ಲ. ಒಂದೇ ಬಿಲ್ಲಿನಂತೆ ಬಾಗಿದ ಮೈ. ಇದನ್ನು ಬೈಯುವವರ ಜತೆ ನಾನು ಪೂರ್ತಿ ಸೇರುವುದಿಲ್ಲ. ಅದರ ಗಾಳಿಯ ಅಂಕ 0.20. ಬ್ಯಾಟರಿ ಕಾರಿನಲ್ಲಿ ಗಾಳಿಯನ್ನು ಗೆದ್ದಷ್ಟೂ ದೂರ ಹೋಗಬಹುದು, ಆ ಆಕಾರಕ್ಕೆ ಕಾರಣವಿದೆ. ಜನರಿಗೆ ಅದು ಮರ್ಸಿಡಿಸ್ ಅನಿಸಲಿಲ್ಲ, ಅಷ್ಟೇ. ಮೂರೇ ವರ್ಷದಲ್ಲಿ, 2024ರಲ್ಲಿ, ಅದೇ ಕಾರಿಗೆ ಕ್ರೋಮ್ ಪಟ್ಟಿಗಳನ್ನೂ ನಿಲ್ಲುವ ನಕ್ಷತ್ರವನ್ನೂ ಮರಳಿ ತಂದರು. ಆ ವರ್ಷದ ಸೆಪ್ಟೆಂಬರಿನಲ್ಲೇ ಸಾಕ್ಕೊ ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರ್ಷವೇ ಈ ಗಣಪತಿ ಮಂಟಪ.

ಅಪ್ಪಯ್ಯನಿಗೆ ಈಗ 73. ದೀಪಾವಳಿಗೆ ಪುಣೆಗೆ ಬಂದಿದ್ದಾಗ, ಕೊಳ್ಳುವ ಶಕ್ತಿ ಇಲ್ಲದಿದ್ದರೂ, ಶೋರೂಮಿಗೆ ಕರೆದೊಯ್ದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡರು, ಡ್ಯೂಟಿಗೆ ಹೋಗುತ್ತಿದ್ದ ಹಾಗೆ. ಇಕ್ಯುಎಸ್ ಬಳಿ ಹೋಗಿ ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಕೈ ಹಾಕಿದರು. ಕೈಗೆ ಏನೂ ಸಿಗಲಿಲ್ಲ.

"ಹ್ಯಾಂಡ್ಲ್ ಎಲ್ಲಿತ್ತಾ ಮಾಣಿ?"

ಅಷ್ಟರಲ್ಲಿ ಕೀ ಹಿಡಿದ ಹುಡುಗ ಹತ್ತಿರ ಬಂದ. ಬಾಗಿಲ ಮೈಯೊಳಗಿಂದ ಹ್ಯಾಂಡಲ್ ತಾನಾಗಿ ಹೊರಬಂತು. ಅಪ್ಪಯ್ಯ ಕೈ ಹಿಂದಕ್ಕೆ ತೆಗೆದುಕೊಂಡು ಸ್ವಲ್ಪ ಹೊತ್ತು ಅದನ್ನೇ ನೋಡಿದರು. "ನನ್ನ ಕೆಲ್ಸ ಅದೇ ಮಾಡತ್ತಲ್ಲ" ಎಂದರು. ಹುಡುಗ ಮರಾಠಿಯವನು, ಅರ್ಥವಾಗದೆ ನಕ್ಕ.

ಬಾನೆಟ್ ತೆಗೆದು ತೋರಿಸಲು ಹೇಳು ಎಂದರು. ಇದರ ಬಾನೆಟ್ ಗಿರಾಕಿ ತೆಗೆಯುವಂತಿಲ್ಲ, ಸರ್ವೀಸಿನವರು ಮಾತ್ರ. ವೈಪರ್ ನೀರು ಹಾಕಲು ಪಕ್ಕದಲ್ಲಿ ಸಣ್ಣ ಮುಚ್ಚಳವಿದೆ ಎಂದು ಹುಡುಗ ವಿವರಿಸಿದ. ಒಳಗಿನ 141 ಸೆಂಟಿಮೀಟರ್ ಗಾಜಿನ ಪರದೆಯನ್ನು ಆಸೆಯಿಂದ ತೋರಿಸಿದ. ಅಪ್ಪಯ್ಯ ತಲೆಯಾಡಿಸಿದರು, ಹೆಚ್ಚು ನೋಡಲಿಲ್ಲ. ಹಿಂದಕ್ಕೆ ಹೋಗಿ ಲೈಟಿನ ಮೇಲೆ ಬೆರಳಾಡಿಸಿದರು. ಒಳಗೆ ಕೆಂಪು ಸುರುಳಿಗಳು, ಮೇಲೆ ನುಣ್ಣನೆ ಗಾಜಿನಂಥ ಮೈ.

"ಗೆರೆ ತೆಗ್ದ್ರಾ?"

ಹೌದು ಅಪ್ಪಯ್ಯ, ಈಗ ದೀಪಗಳೇ ಜೋರು ಬೆಳಕಿನವು ಎಂದೆ. ಅವರು ಏನೂ ಹೇಳಲಿಲ್ಲ. ಹೊರಡುವಾಗ ಹುಡುಗನಿಂದ ಅನುಮತಿ ಪಡೆದು ಹಿಂದಿನ ಬಾಗಿಲನ್ನು ಒಮ್ಮೆ ತಾವೇ ತೆರೆದು, ಸ್ವಲ್ಪ ಬಾಗಿ, ಮುಚ್ಚಿ, ಶಬ್ದ ಕೇಳಿದರು. ನಾನು ಹಿಂದೆ ಕೂತು ನೋಡಿ ಎಂದು ಕರೆದೆ. ಬೇಡ ಎಂದರು.

ಪಾರ್ಕಿಂಗಿನಲ್ಲಿ ನನ್ನ ಸಣ್ಣ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ನಾನು ಗಾಡಿ ಶುರುಮಾಡಿದೆ.

"ತಡಿ. ನಿನ್ನ ಬದಿ ಬಾಗಿಲು ಸಮಾ ಬಿದ್ದಿಲ್ಲ" ಎಂದರು.