ಬಸ್ಸಿಗೆ ಕೊಟ್ಟ ಸುದ್ದಿ

ಯಾದಗಿರಿಗೆ ರೈಲಿದೆ. ಶಹಾಪುರಕ್ಕೂ ಸುರಪುರಕ್ಕೂ ಆಗ ಇರಲಿಲ್ಲ. ನಮ್ಮ ಭಾಗದ ಪತ್ರಿಕಾ ವೃತ್ತಿಯ ಕಥೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ಸುರಪುರದಲ್ಲಿ ಏನೇ ನಡೆಯಲಿ, ಅದು ಗುಲಬರ್ಗಾ ಬಸ್ಸು ಹೊರಡುವುದರೊಳಗೆ ಕಾಗದಕ್ಕೆ ಇಳಿದಿರಬೇಕಿತ್ತು. ಬಸ್ಸು ಹೋದ ಮೇಲೆ ಆದದ್ದು ನಾಡಿದ್ದಿನ ಪೇಪರಿಗೆ. ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಕಾರ್ಬನ್ ಪ್ರತಿ ಇಟ್ಟುಕೊಂಡು, ಕವರಿನ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು ಸುದ್ದಿ’ ಅಂತ ಗೀಚಿ, ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದೆವು. ಕಂಡಕ್ಟರು ಅದನ್ನು ಟಿಕೆಟ್ ಪೆಟ್ಟಿಗೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು. ಶಹಾಪುರದಲ್ಲಿ ಇನ್ನೊಂದು ಕವರು ಸೇರುತ್ತಿತ್ತು, ಜೇವರ್ಗಿಯಲ್ಲಿ ಮತ್ತೊಂದು. ಭೀಮಾ ದಾಟಿ ಗುಲಬರ್ಗಾ ಮುಟ್ಟಿದ ಮೇಲೆ ಪತ್ರಿಕಾ ಕಚೇರಿಯ ಹುಡುಗ ಬಂದು ಎಲ್ಲವನ್ನೂ ಒಯ್ಯುತ್ತಿದ್ದ. ಫೋಟೊ ಇದ್ದರೆ ಸ್ಟುಡಿಯೊದವನ ಕೈಕಾಲು ಹಿಡಿದು, ಅರ್ಧ ಖಾಲಿ ಇರುವ ರೋಲನ್ನೇ ತೊಳೆಸಿ, ಒದ್ದೆ ಆರುವ ಮೊದಲೇ ಕವರಿಗೆ ಹಾಕಬೇಕಿತ್ತು.

ಈ ಕೆಲಸಕ್ಕೆ ಸಂಬಳ ಅಂತ ಇರಲಿಲ್ಲ. ಅಚ್ಚಾದಷ್ಟಕ್ಕೆ ಇಂಚಿನ ಲೆಕ್ಕದಲ್ಲಿ ಒಂದಿಷ್ಟು ಕಾಸು, ದೀಪಾವಳಿ ಪುರವಣಿಗೆ ತಂದ ಜಾಹೀರಾತಿನ ಕಮಿಷನ್ನು, ಪೇಪರ್ ಏಜೆನ್ಸಿ ಕೈಯಲ್ಲಿದ್ದರೆ ಅದರದೂ ಒಂದಿಷ್ಟು. ಹಾಗಾಗಿ ವರದಿಗಾರ ಬೇರೇನೋ ಆಗಿಯೇ ಇರುತ್ತಿದ್ದ. ಒಬ್ಬ ಖಾಸಗಿ ಶಾಲೆಯ ಮಾಸ್ತರ, ಒಬ್ಬ ಎಲ್‌ಐಸಿ ಏಜೆಂಟ, ಇನ್ನೊಬ್ಬನದು ಕಿರಾಣಿ ಅಂಗಡಿ. ಬೆಳಗಿನ ಜಾವ ಪೇಪರ್ ಬಂಡಲು ಬಿಚ್ಚಿ ಮನೆಮನೆಗೆ ಹಂಚಿ, ಅದೇ ಪೇಪರಿನಲ್ಲಿ ತಾನು ಬರೆದದ್ದು ಬಂದಿದೆಯೇ ಅಂತ ನೋಡುವವನೇ ನಮ್ಮ ತಾಲ್ಲೂಕು ವರದಿಗಾರ. ಜನರಿಗೆ ಅವನು ‘ಪೇಪರ್‌ನವ್ರು’. ಹೊಟೇಲಿನಲ್ಲಿ ಚಹಾ ಕುಡಿಯುವಾಗ ಯಾರಾದರೂ ಎದುರು ಬಂದು ಕೂತು, “ನಿನ್ನೆ ನಮ್ಮೂರ ಸುದ್ದಿ ಹಾಕೀರಲ್ರೀ, ಟ್ಯಾಂಕ್ ಕಟ್ಟಿದ್ದು ಆ ಓಣ್ಯಾಗ ಅಲ್ರೀ, ಈ ಓಣ್ಯಾಗ” ಅನ್ನುತ್ತಿದ್ದರು. ಬರೆದವನು ಅದಕ್ಕೆ ಅಲ್ಲೇ ಉತ್ತರ ಹೇಳಬೇಕಿತ್ತು.

ಮುಂದೆ ಬೆಂಗಳೂರಿನಲ್ಲಿ ಬ್ಲಾಗು ಬರೆಯುವವರು ಪತ್ರಕರ್ತರೇ, ಅಲ್ಲವೇ ಎಂಬ ದೊಡ್ಡ ವಾದ ಎದ್ದಾಗ ನನಗೆ ಈ ಮಾಸ್ತರ, ಈ ಕಿರಾಣಿ ಅಂಗಡಿಯವರೇ ಕಣ್ಣಿಗೆ ಬಂದರು. ಇನ್ನೂ ಹಿಂದಕ್ಕೆ ಹೋದರೆ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇದೆ. ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಇಲ್ಲಿದ್ದ. ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡ ಅಧಿಕಾರಿ ಅಂತ ಎಲ್ಲರಿಗೂ ಗೊತ್ತು. ಅದೇ ವರ್ಷಗಳಲ್ಲಿ ಅವನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಭಾರತದಿಂದ ವರದಿ ಕಳಿಸುತ್ತಿದ್ದ ಎಂಬುದು ಅಷ್ಟಾಗಿ ಗೊತ್ತಿಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದಾಗ, ಕನ್ನಡದ ಮೊದಲ ಪತ್ರಿಕೆ ಹುಟ್ಟಿದಾಗ, ನಮ್ಮೂರಲ್ಲಿ ಪತ್ರಿಕೆಗೆ ಬರೆಯುವವನೊಬ್ಬ ಆಗಲೇ ಇದ್ದ. ಅವನೂ ಅರೆಕಾಲಿಕನೇ. ಕಂದಾಯ, ಕೆರೆ, ಜಗಳ ತಂಟೆ ಎಲ್ಲ ಮುಗಿಸಿ ಬರೆಯಲು ಕೂರುವವನು. ಅವನು ದೊರೆತನದ ಕಡೆಯವನು, ಅವನ ಬರಹಕ್ಕೆ ಆ ವಾಲಿಕೆ ಇದ್ದೇ ಇತ್ತು ಎಂಬುದನ್ನೂ ಮರೆಯಬಾರದು. ಆದರೆ ಬೇರೆ ಹೊಟ್ಟೆಪಾಡು ಇದ್ದವನು ಸುದ್ದಿ ಬರೆಯಬಾರದು ಎಂಬ ನಿಯಮ ಸುರಪುರದಲ್ಲಿ ಯಾವತ್ತೂ ನಡೆದಿಲ್ಲ.

ಕಂಪ್ಯೂಟರು ನಮ್ಮಲ್ಲಿಗೆ ಮದುವೆ ಕಾರ್ಡಿನ ಜೊತೆ ಬಂತು. ಶಹಾಪುರದ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಚುನಾವಣೆಯ ಹ್ಯಾಂಡ್‌ಬಿಲ್ಲು. ನಡುವೆ ನಮ್ಮ ಸುದ್ದಿ. ಅಲ್ಲಿ ಕನ್ನಡ ತಂತ್ರಾಂಶಗಳ ಬಗ್ಗೆ ನಾನು ಕಂಡ ಜಗಳಗಳು ಬಹಳ ಗಂಭೀರವಾದವು. ಶೇಷಾದ್ರಿವಾಸು 1998ರಲ್ಲಿ ಮಾಡಿದ ‘ಬರಹ’ ಒಂದು ಕಡೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇನ್ನೊಂದು ಕಡೆ, ಪತ್ರಿಕಾ ಕಚೇರಿಗಳ ‘ಶ್ರೀಲಿಪಿ’ ಮತ್ತೊಂದು ಕಡೆ. ನುಡಿಯಲ್ಲಿ ಕಲಿತ ಹುಡುಗನ ಬೆರಳು ಕೆ.ಪಿ. ರಾವ್ ಅವರ ಕೀಲಿಮಣೆಗೆ ಒಗ್ಗಿರುತ್ತಿತ್ತು. ಒತ್ತಕ್ಷರ ಬೇಕೆಂದರೆ ಎಡಗೈಯ ಎಫ್ ಕೀಲಿ. ‘ಸ್ವಾತಂತ್ರ್ಯ’ ಬರೆಯುವಾಗ ಆ ಬೆರಳು ಮೂರು ಸಲ ಎಫ್ ಮೇಲೆ ಬೀಳುತ್ತಿತ್ತು. ಬರಹದ ಹುಡುಗ ಇಂಗ್ಲಿಷ್ ಉಚ್ಚಾರದ ದಾರಿಯಲ್ಲಿ ಬರೆಯುತ್ತಿದ್ದ, ಅವನಿಗೆ ಇವನ ಕೀಲಿಮಣೆ ಕೈಗೆ ಹತ್ತುತ್ತಿರಲಿಲ್ಲ. ಒಬ್ಬನ ರಜೆಯ ದಿನ ಇನ್ನೊಬ್ಬ ಕೂತರೆ ಅಂಗಡಿಯೇ ನಿಂತುಹೋಗುತ್ತಿತ್ತು.

ಬೆರಳಿನ ತೊಂದರೆಗಿಂತ ದೊಡ್ಡದು ಸಂಕೇತದ ತೊಂದರೆ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಯಾವ ತುಣುಕು ಯಾವ ಜಾಗದಲ್ಲಿ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಇಲ್ಲಿ ಒಂದರಲ್ಲಿ ಬರೆದು ಮಿಂಚಂಚೆ ಮಾಡಿದ್ದು ಅಲ್ಲಿ ಇನ್ನೊಂದರಲ್ಲಿ ತೆರೆದುಕೊಂಡರೆ ತಲೆಬುಡ ತಿಳಿಯದ ಗೀಚು. ಕೃಷ್ಣಾ ನದಿಯ ನೀರಿನ ಮಟ್ಟ ತಿಳಿಸುವ ತುರ್ತು ವರದಿ ಹೀಗೆ ಹೋಗಿ, ಡೆಸ್ಕಿನವರು ಫೋನು ಮಾಡಿ, “ಬಾಯಲ್ಲೇ ಹೇಳ್ರೀ, ಬರ್ಕೋತೀನಿ” ಅನ್ನುತ್ತಿದ್ದರು. ಕಂಪ್ಯೂಟರು, ಇಂಟರ್‌ನೆಟ್ಟು ಎಲ್ಲ ಇದ್ದೂ ಕೊನೆಗೆ ಸುದ್ದಿ ಹೋಗುತ್ತಿದ್ದುದು ಎಸ್‌ಟಿಡಿ ಬೂತಿನಿಂದ.

ಇದರ ಹಿಂದೆ ನಡೆದ ವಾದ ನಮಗೆ ಪತ್ರಿಕೆಗಳಲ್ಲೇ ಓದಲು ಸಿಗುತ್ತಿತ್ತು. ಯಾರದು ಮೂಲ, ಯಾರದು ನಕಲು. ಸರ್ಕಾರ ಒಂದೇ ತಂತ್ರಾಂಶವನ್ನು ಯಾಕೆ ಎತ್ತಿ ಹಿಡಿಯಬೇಕು. ಜನರ ದುಡ್ಡಿನಲ್ಲಿ ಆದದ್ದು ಮೈಕ್ರೊಸಾಫ್ಟಿನ ವಿಂಡೋಸಿಗೆ ಮಾತ್ರ ಯಾಕೆ, ಲಿನಕ್ಸಿಗೆ ಯಾಕಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ದನಿಯೆತ್ತಿದ್ದು ಆಗಲೇ. ಅವರದು ಕಂಪ್ಯೂಟರ್ ಹುಚ್ಚು ಅಂತ ಅಂದವರಿದ್ದರು. ಡೆಸ್ಕಿಗೆ ಫೋನಿನಲ್ಲಿ ಒತ್ತಕ್ಷರ ಬಿಡಿಸಿ ಹೇಳಿದ ನಮ್ಮಂಥವರಿಗೆ ತೇಜಸ್ವಿಯವರ ಮಾತಿನ ತೂಕ ಗೊತ್ತಿತ್ತು. ಭಾಷೆಯೊಂದು ಕಂಪನಿಗಳ ಮರ್ಜಿಯಲ್ಲಿ ನಿಂತರೆ ಮೊದಲು ಕಷ್ಟಕ್ಕೆ ಸಿಗುವವರು ರಾಜಧಾನಿಯಿಂದ ದೂರ ಇರುವವರು. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಯುನಿಕೋಡ್ ಅದಕ್ಕೆ ಪರಿಹಾರವಾಗಿ ಬಂತು. ಆದರೆ ಅದೂ ಕೂಡಲೇ ದಕ್ಕಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟು ಇತ್ತು ನಿಜ, ಆದರೆ ಕನ್ನಡ ಸರಿಯಾಗಿ ಕೂಡಿಕೊಂಡು ಕಾಣಬೇಕಾದರೆ ಮೂಲ ಸಿಡಿ ಹಾಕಿ ಇನ್ನೊಂದಿಷ್ಟು ಫೈಲು ಸೇರಿಸಬೇಕಿತ್ತು. ನಮ್ಮ ಸೈಬರ್ ಕೆಫೆಗಳಲ್ಲಿ ಮೂಲ ಸಿಡಿ ಎಲ್ಲಿಂದ ಬರಬೇಕು? ಪವನಜ ಅವರ ‘ವಿಶ್ವಕನ್ನಡ’ 1996ರಷ್ಟು ಹಿಂದೆಯೇ ಅಂತರಜಾಲದಲ್ಲಿತ್ತು, 2005ರಲ್ಲಿ ‘ಸಂಪದ’ ಬಂತು, ‘ಅವಧಿ’, ‘ಕೆಂಡಸಂಪಿಗೆ’ ಬಂದವು. ಯಾದಗಿರಿಯ ಸ್ಟೇಷನ್ ರಸ್ತೆಯ ಕೆಫೆಯಲ್ಲಿ ನಾನು ಅವನ್ನು ಮೊದಲು ನೋಡಿದ್ದು ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕಕ್ಕೆ ನಿಂತ ಸ್ಥಿತಿಯಲ್ಲಿ. ರಾಜ್ಯ ಸರ್ಕಾರ ಯುನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಂಡದ್ದು 2012ರಲ್ಲಿ.

ಆ ತಾಣಗಳು ನನಗೆ ಬಹಳ ಕೊಟ್ಟವು. ಪತ್ರಿಕೆಯಲ್ಲಿ ಜಾಗ ಸಿಗದ ಉದ್ದನೆಯ ಬರಹ, ಸಂಪಾದಕರನ್ನೇ ಪ್ರಶ್ನಿಸುವ ಪತ್ರ, ಸಾಫ್ಟ್‌ವೇರ್ ಕೆಲಸದ ನಡುವೆ ಬರೆಯುವವರ ಊರ ನೆನಪು. ಪತ್ರಕರ್ತರು ಬ್ಲಾಗಿನವರನ್ನು ಹೊಣೆಗೇಡಿಗಳು ಅಂದರು, ಬ್ಲಾಗಿನವರು ಪತ್ರಿಕೆಗಳು ಜಾಹೀರಾತಿಗೆ ತಮ್ಮನ್ನು ಮಾರಿಕೊಂಡವು ಅಂದರು. ಎರಡರಲ್ಲೂ ನಿಜವಿತ್ತು. ನನಗೆ ಕೊರತೆ ಕಂಡದ್ದು ಇನ್ನೊಂದು ಕಡೆ. ಬರೆಯುವವರಲ್ಲಿ ಹುಣಸಗಿಯಲ್ಲಿ, ವಡಗೇರಾದಲ್ಲಿ ನಿಂತು ಬರೆಯುವವರು ಕಾಣಲಿಲ್ಲ. 2009ರ ಅಕ್ಟೋಬರಿನ ಮಳೆ, ನೆರೆಗೆ ಉತ್ತರ ಕರ್ನಾಟಕ ಮುಳುಗಿದಾಗ ಮಣ್ಣಿನ ಮನೆಗಳು ಕುಸಿದದ್ದನ್ನು ಬರೆದವರು ಅದೇ ಇಂಚಿನ ಲೆಕ್ಕದ ಬಿಡಿ ಸುದ್ದಿಗಾರರು. ಬೆಂಗಳೂರಿನ ವಾದದಲ್ಲಿ ಅವರ ಹೆಸರು ಯಾವ ಪಕ್ಷದಲ್ಲೂ ಬರಲಿಲ್ಲ.

2010ರಲ್ಲಿ ಯಾದಗಿರಿ ಜಿಲ್ಲೆಯಾಯಿತು. ಜಿಲ್ಲಾಧಿಕಾರಿ ಕಚೇರಿ, ವಾರ್ತಾ ಇಲಾಖೆ, ಪತ್ರಿಕೆಗಳ ಜಿಲ್ಲಾ ವರದಿಗಾರರು ಎಲ್ಲ ಬಂದರು. ಗುಲಬರ್ಗಾ ಪೇಪರಿನ ಒಳಪುಟದಲ್ಲಿ ಮೂಲೆ ಸೇರುತ್ತಿದ್ದ ನಮಗೆ ಒಂದು ಪುಟವೇ ಸಿಕ್ಕಿತು. ಅದು ಸಂತೋಷದ ಸಂಗತಿಯೇ. ಜೊತೆಗೆ ಪ್ರಕಟಣೆಗಳು ಮಿಂಚಂಚೆಯಲ್ಲಿ ಬರತೊಡಗಿದವು, ನಕಲು ಮಾಡಿ ಅಂಟಿಸಿದರೆ ಪುಟ ತುಂಬುತ್ತಿತ್ತು. ಹಳ್ಳಿಗೆ ಹೋಗುವ ಕಾಲು ಮೆಲ್ಲಗೆ ನಿಂತದ್ದು ಆಗಲೇ, ಮೊಬೈಲು ಬಂದ ಮೇಲಲ್ಲ. ಹೊಸ ಮಾಧ್ಯಮವನ್ನು ಬೈಯುವ ನನ್ನ ಓರಗೆಯವರು ಇದನ್ನು ಒಪ್ಪುವುದಿಲ್ಲ. ನಾನು ಕಂಡದ್ದು ಹೀಗೆ.

ಹಳ್ಳಿಗೆ ಹೋದವರೂ ಇದ್ದರು. ಕಕ್ಕೇರಾ ಹತ್ತಿರ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆ ಇದೆ. ಆಗ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಗಡ್ಡಿಗೆ ದಾರಿ ಇರುತ್ತಿರಲಿಲ್ಲ. 2014ರ ಜುಲೈ ಕೊನೆಯಲ್ಲಿ ತುಂಬು ಗರ್ಭಿಣಿಯೊಬ್ಬಳು, ಹೆರಿಗೆ ಹೊತ್ತಿಗೆ ಆಸ್ಪತ್ರೆ ಹತ್ತಿರ ಇರಬೇಕೆಂದು, ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ತಂದೆ, ಸಹೋದರನ ಜೊತೆ ಉಕ್ಕುವ ಹೊಳೆ ಈಜಿ ದಡ ಸೇರಿದಳು. ಸುದ್ದಿ ಮೊದಲು ಬಂದದ್ದು ಸ್ಥಳೀಯ ವರದಿಗಾರರ ಕೈಯಿಂದ. ಬಿಬಿಸಿಯವರೆಗೂ ಹೋಯಿತು. ಆಮೇಲೆ ಅಂತರಜಾಲದ ತುಂಬ ಅದೇ. ಧೈರ್ಯವಂತೆ ಎಂದವರು ಸಾವಿರ, ದೇಶದ ಗತಿ ಎಂದವರು ಸಾವಿರ. ನಾನು ಎದುರಿನ ದಡಕ್ಕೆ ಹೋಗಿ ನಿಂತಾಗ ನೀರು ಕೆಂಪಗೆ ಹರಿಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು, “ಇದೇನ್ ಹೊಸದಲ್ರೀ. ಪ್ರತಿ ಮಳಿಗಾಲ ಹಿಂಗs ಈಜತೀವಿ. ಈ ಸಲ ನಿಮಗ ಕಾಣಸ್ತು, ಅಷ್ಟ” ಅಂದರು. ದೂರದಲ್ಲಿ ಕೂತು ಬರೆದ ಯಾವ ಬರಹದಲ್ಲೂ ಆ ಮಾತು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಅದು ದಡದಲ್ಲಿ ನಿಂತವರಿಗೆ ಸಿಗುವ ಮಾತು.

2016ರಲ್ಲಿ ಜಿಯೋ ಬಂತು. ಇಂಟರ್‌ನೆಟ್ಟು ಅಗ್ಗವಾಯಿತು, ಕನ್ನಡ ಕೀಲಿಮಣೆ ಮೊಬೈಲಿನಲ್ಲೇ ಬಂತು, ನುಡಿ–ಬರಹದ ಜಗಳ ಹೇಳಹೆಸರಿಲ್ಲದೆ ಹೋಯಿತು. ಪ್ರತಿ ಓಣಿಗೊಂದು ವಾಟ್ಸ್‌ಆ್ಯಪ್ ಗುಂಪು, ಪ್ರತಿ ತಾಲ್ಲೂಕಿಗೆ ಹತ್ತಾರು ಯೂಟ್ಯೂಬ್ ಚಾನೆಲ್ಲು. ಲೋಗೊ ಹಚ್ಚಿದ ಮೈಕು ಹಿಡಿದವರು ಸುದ್ದಿಗೋಷ್ಠಿಯ ಮುಂದಿನ ಸಾಲಿನಲ್ಲಿ ಕೂತರು. ಹಳಬರಿಗೆ ಸಿಟ್ಟು ಬಂತು. ಕೆಲವರು ಅದೇ ಮೈಕು ತೋರಿಸಿ ಅಧಿಕಾರಿಗಳಿಂದ, ಮರಳಿನವರಿಂದ ದುಡ್ಡು ಕೇಳಿದ್ದೂ ನನಗೆ ಗೊತ್ತು. ಪೇಪರಿನ ಗುರುತಿನ ಚೀಟಿ ತೋರಿಸಿ ಕೇಳಿದವರೂ ನನಗೆ ಗೊತ್ತು.

ಭಯ ಹುಟ್ಟಿದ್ದು 2018ರ ಜುಲೈನಲ್ಲಿ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಕಾರಿಗಿಂತ ಮುಂದೆ ಓಡಿ, ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರೊಬ್ಬರನ್ನು ಗುಂಪು ಹೊಡೆದು ಕೊಂದಿತು. ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಅವರ ತಪ್ಪಾಯಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಟ್ಟಿಗೆ ಕಳಿಸದಂತೆ ಮಿತಿ ತರುವುದಾಗಿ ಹೇಳಿತು. ಆ ವಾರ ನನಗೆ ಹಳ್ಳಿಗಳಿಂದ ಫೋನಿನ ಮೇಲೆ ಫೋನು. “ಕಾಕಾ, ಮೊಬೈಲ್‌ನ್ಯಾಗ ಬಂದದ, ಖರೇ ಏನ್ರೀ?” ನಾನು ಪೊಲೀಸ್ ಠಾಣೆಗೆ ಕೇಳಿ, ಇಲ್ಲಪ್ಪಾ ಸುಳ್ಳು ಅನ್ನುತ್ತಿದ್ದೆ. ಆಗ ನಾನು ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಅವರು ಫೋನು ಮಾಡಿದ್ದು ಪತ್ರಿಕೆಗಲ್ಲ, ಬ್ಲಾಗಿಗಲ್ಲ. ಸುಳ್ಳು ಹೇಳಿದರೆ ನಾಳೆ ಸಂತೆಯಲ್ಲಿ ಕೈಗೆ ಸಿಗುವ ಮನುಷ್ಯನಿಗೆ.

ಶಹಾಪುರದಲ್ಲಿ ಈಗ ಒಬ್ಬ ಹುಡುಗನಿದ್ದಾನೆ. ಬೇಸಿಗೆಯಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗಾಗಿ ಭೀಮರಾಯನಗುಡಿಯ ಕಚೇರಿ ಮುಂದೆ ಧರಣಿ ನಡೆಯುವಾಗ ಇತರರು ಭಾಷಣ ಚಿತ್ರಿಸುತ್ತಾರೆ. ಅವನು ಬೈಕು ಹತ್ತಿ ಕೊನೆಭಾಗದ ಉಪಕಾಲುವೆಗೆ ಹೋಗುತ್ತಾನೆ. ಗೇಟಿನ ಪಕ್ಕದ ಅಳತೆಗೋಲನ್ನು ಮೊದಲು ತೋರಿಸುತ್ತಾನೆ, ದಿನಾಂಕ, ಹೊತ್ತು ಹೇಳುತ್ತಾನೆ, ಆಮೇಲೆ ಬಿರಿದ ಹೊಲ. ವಾರಾಬಂದಿಯ ಪ್ರಕಾರ ಇವತ್ತು ನೀರು ಬರಬೇಕಿತ್ತು ಅಂತ ಪಟ್ಟಿ ಓದುತ್ತಾನೆ, ಎಂಜಿನಿಯರರಿಗೆ ಅಲ್ಲಿಂದಲೇ ಫೋನು ಮಾಡಿ ಅವರ ಮಾತನ್ನೂ ಹಾಕುತ್ತಾನೆ. ಅವನಿಗೆ ಸಂಬಳವಿಲ್ಲ, ಹಗಲು ಮೊಬೈಲ್ ರಿಪೇರಿ ಅಂಗಡಿ. ಪತ್ರಕರ್ತರ ಪಟ್ಟಿಯಲ್ಲಿ ಹೆಸರಿಲ್ಲ. ನನ್ನ ಮಟ್ಟಿಗೆ ಅವನು ವರದಿಗಾರ, ನಾವು ಇದ್ದುದಕ್ಕಿಂತ ಒಳ್ಳೆಯ ವರದಿಗಾರ.

ನನಗಿರುವ ಚಿಂತೆ ಅವನ ವಿಡಿಯೊಗಳದು. ಅವನ ಹಳೆಯ ಫೋನು ಕೆಟ್ಟಾಗ ಒಂದಿಡೀ ಬೇಸಿಗೆಯ ದಾಖಲೆ ಹೋಯಿತು. ಸೈಬರ್ ಕೆಫೆಯಲ್ಲಿ ನಾನು ಓದುತ್ತಿದ್ದ ಎಷ್ಟೋ ಬ್ಲಾಗುಗಳು ಈಗ ತೆರೆದುಕೊಳ್ಳುವುದಿಲ್ಲ. ನನ್ನ ಫ್ಲಾಪಿಗಳಲ್ಲಿನ ಸುದ್ದಿಯನ್ನು ಓದುವ ಯಂತ್ರವೂ ಇಲ್ಲ, ಫಾಂಟೂ ಇಲ್ಲ. ಬಸ್ಸಿಗೆ ಕೊಟ್ಟ ಕವರುಗಳ ಕಾರ್ಬನ್ ಪ್ರತಿಗಳು ಮಾತ್ರ ನನ್ನ ಟ್ರಂಕಿನಲ್ಲಿ ಇನ್ನೂ ಓದಲು ಬರುತ್ತವೆ. ಕಾಲುವೆ ನೀರಿನ ತಂಟೆ ಮುಂದೊಂದು ದಿನ ಕೋರ್ಟಿಗೆ ಹೋದರೆ ಆ ಅಳತೆಗೋಲಿನ ಚಿತ್ರ ಬೇಕಾಗುತ್ತದೆ. ಯಾದಗಿರಿಯ ಜಿಲ್ಲಾ ಗ್ರಂಥಾಲಯದಲ್ಲಿ, ಶಹಾಪುರ, ಸುರಪುರದ ಶಾಖೆಗಳಲ್ಲಿ, ತಾಲ್ಲೂಕಿನ ಸುದ್ದಿ ಎಲ್ಲಿಯೇ ಬಂದಿರಲಿ, ಕಾಗದದಲ್ಲಾಗಲಿ ಫೋನಿನಲ್ಲಾಗಲಿ, ಅದರ ಪ್ರತಿ ಇಡುವ ಒಂದು ಕಪಾಟು, ಒಂದು ಕಂಪ್ಯೂಟರು ಬೇಕು. ನನ್ನ ಟ್ರಂಕನ್ನು ನಾನು ಮೊದಲು ಕೊಡುತ್ತೇನೆ.