ಎಪ್ಪತ್ತು ಗಂಟೆಯ ಲೆಕ್ಕ

ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿ ಅವರು ಹುಟ್ಟಿದ್ದು ನಮ್ಮ ಶಿಡ್ಲಘಟ್ಟದಲ್ಲಿ, 1946ರಲ್ಲಿ. ಹಾಗಾಗಿ 2023ರ ಅಕ್ಟೋಬರ್‌ನಲ್ಲಿ, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಅವರು ಹೇಳಿದಾಗ, ನಮ್ಮೂರಿನವರ ಮಾತೆಂದು ಅಬ್ಬಾ ಅದನ್ನು ಬಹಳ ದಿನ ಬಿಡಲಿಲ್ಲ. ಆಗ ನಾನು ಎಸ್ಸೆಸ್ಸೆಲ್ಸಿ. ಎರಡನೇ ಮಹಾಯುದ್ಧದ ನಂತರ ಜಪಾನ್, ಜರ್ಮನಿಯ ಜನ ಹೀಗೆ ದುಡಿದೇ ಮೇಲೆ ಬಂದರು ಎಂಬುದು ಮೂರ್ತಿಯವರ ವಾದ. 1981ರಲ್ಲಿ ಆರು ಜನ ಜೊತೆಗಾರರೊಂದಿಗೆ ಕಂಪನಿ ಕಟ್ಟಿದವರು, ಹೇಳಲಿ.

ಆದರೆ ಕಾಮರ್ಸ್‌ನವರಿಗೆ ಯಾವ ಅಂಕಿ ಕೊಟ್ಟರೂ ಭಾಗಿಸಿ ನೋಡುವ ಚಟ. ಭಾನುವಾರ ಬಿಟ್ಟರೆ ದಿನಕ್ಕೆ 11 ಗಂಟೆ 40 ನಿಮಿಷ. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಾರದ ಮಿತಿ 48 ಗಂಟೆ ಇತ್ತು. ಉಳಿದ 22 ಗಂಟೆ ಎಲ್ಲಿಂದ ಬರುತ್ತದೆ ನೋಡೋಣ ಎಂದು ಒಂದು ವಾರ ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನಲ್ಲಿ ಮನೆಯವರ ಗಂಟೆಗಳನ್ನು ಬರೆದೆ.

ಕಾಲೇಜು, ಟ್ಯೂಷನ್, ಓದು ಸೇರಿ ನನ್ನದು 61. ಮನೆಗೆಲಸ ಸೇರಿಸಿದರೆ 70 ದಾಟಿತು. ಬಸ್ಸಿನ ಸಮಯ ಯಾವ ಖಾತೆಗೆ? ಗೌರಿಬಿದನೂರಿನಿಂದ ಬರುವ ಗೆಳತಿ “ನಷ್ಟಕ್ಕೆ ಹಾಕು” ಎಂದಳು. ಚಿಂತಾಮಣಿಯವಳು “ಹಿಂದಿನ ಸೀಟಲ್ಲಿ ನಗುವಷ್ಟು ನಾನು ಮನೇಲೂ ನಗಲ್ಲ, ಲಾಭಕ್ಕೇ ಹಾಕು” ಎಂದಳು.

ಭಾಯಿಯದು 66. ನಮ್ಮದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಗೂಡು ಮಾರುಕಟ್ಟೆಯಲ್ಲಿ ಹರಾಜಿನಲ್ಲಿ ಕೊಂಡ ಮೇಲೆ ನಾಳೆ ನೋಡೋಣ ಎನ್ನುವಂತಿಲ್ಲ. ಒಳಗಿರುವುದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಬಂದರೆ ಎಳೆ ತುಂಡು, ದುಡ್ಡು ಹೋಯಿತು. ಆದರೂ ಭಾಯಿಗೆ ಭಾನುವಾರ ಕ್ರಿಕೆಟ್ ಇದೆ, ಆಗಾಗ ಗೆಳೆಯರ ಜೊತೆ ಬೈಕಿನಲ್ಲಿ ನಂದಿ ಬೆಟ್ಟವಿದೆ.

ಅಮ್ಮಿಯದು 91 ಗಂಟೆ. ಬೆಳಿಗ್ಗೆ ಅಡುಗೆ, ಆಮೇಲೆ ಬಿಸಿನೀರಿನ ಮುಂದೆ ಕೂತು ಬೆಂದ ಗೂಡಿನಿಂದ ಎಳೆ ಹಿಡಿಯುವುದು, ಸಂಜೆ ಮತ್ತೆ ಅಡುಗೆ. ಬೆರಳ ತುದಿಗಳು ಸದಾ ಬೆಳ್ಳಗೆ, ಸುಕ್ಕಾಗಿ ಇರುತ್ತವೆ. ಮೋಜಿನ ಕಾಲಂನಲ್ಲಿ ಬರೆಯಲು ಏನೂ ಸಿಗಲಿಲ್ಲ. ಕೇಳಿದರೆ, “ನೀವು ಊಟ ಮಾಡೋದನ್ನ ನೋಡ್ತೀನಲ್ಲ, ಅದನ್ನ ಬರ್ಕೋ” ಎಂದರು. ನಾನು ಬರೆಯಲಿಲ್ಲ.

ಈಗ ಕಷ್ಟಪಡು, ಮುಂದೆ ಸುಖ ಎಂದು ನಮಗೆ ಎಲ್ಲರೂ ಹೇಳುತ್ತಾರೆ. ಅಮ್ಮಿಗೆ ನಲವತ್ತೆರಡು. ಅವರ ‘ಮುಂದೆ’ ಇನ್ನೂ ಬಂದಿಲ್ಲ. ಹಾಗೆಂದು, ಈ ವಯಸ್ಸು ಮತ್ತೆ ಬರಲ್ಲ, ಎಂಜಾಯ್ ಮಾಡು ಎನ್ನುವ ಗೆಳತಿಯರ ಮಾತೂ ನನಗೆ ಒಪ್ಪಿಗೆಯಾಗುವುದಿಲ್ಲ. ನನ್ನ ಸಿಎ ಫೌಂಡೇಶನ್ ಫೀಸು ಆ ಬಿಸಿನೀರಿನಿಂದಲೇ ಬರಬೇಕು. ಆದರೆ ಒಂದು ಮಾತು: ಸೀಮಾಂತ ತುಷ್ಟಿಗುಣ ಇಳಿಯುತ್ತದೆ ಎಂದು ಅರ್ಥಶಾಸ್ತ್ರದಲ್ಲಿ ಸೇಬು ಹಣ್ಣಿನ ಉದಾಹರಣೆ ಕೊಟ್ಟು ಕಲಿಸುತ್ತಾರಲ್ಲ, ಓದಿಗೂ ಅದೇ ಆಗುತ್ತದೆ. ಸತತ ಐದನೇ ಗಂಟೆಗೆ ನನಗೆ ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಗೊತ್ತಾಗುವುದಿಲ್ಲ. ತಂಗಿಯ ಜೊತೆ ಅರ್ಧ ಗಂಟೆ ಮಾಳಿಗೆ ಮೇಲೆ ಹರಟಿ ಬಂದರೆ ಅದೇ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗುತ್ತದೆ.

ನೋಟ್‌ಬುಕ್ ಅಬ್ಬಾಗೆ ತೋರಿಸಿದೆ. ಅಮ್ಮಿಯ ಪುಟವನ್ನು ಅವರೇ ಇನ್ನೊಮ್ಮೆ ಕೂಡಿದರು. ನನ್ನ ಕೂಡಿಕೆಯ ಮೇಲೆ ಅವರಿಗೆ ನಂಬಿಕೆ ಕಡಿಮೆ. ಮೊತ್ತ 91ಕ್ಕೇ ಬಂತು. ಏನೂ ಹೇಳಲಿಲ್ಲ.

ಈಗ ಭಾನುವಾರದ ಅಡುಗೆ ಭಾಯಿಯದು, ನನ್ನದು. ಅವನ ಸಾರಿನಲ್ಲಿ ಒಂದು ವಾರ ಉಪ್ಪು ಹೆಚ್ಚು, ಒಂದು ವಾರ ಉಪ್ಪೇ ಇಲ್ಲ. ಅಮ್ಮಿ ಚಿಂತಾಮಣಿಯ ಖಾಲಾ ಮನೆಗೆ ಹೋಗಿಬರುತ್ತಾರೆ. ಕಳೆದ ವಾರ ಸಂಜೆಯ ಬಸ್ಸು ತಪ್ಪಿ, ರಾತ್ರಿ ಬಂದರು. ಏನು ಮಾಡ್ತಿದ್ರಿ ಅಷ್ಟು ಹೊತ್ತು ಎಂದು ಅಬ್ಬಾ ಕೇಳಿದರು.

“ಏನಿಲ್ಲ, ಸುಮ್ನೆ ಮಾತಾಡ್ತಾ ಕೂತಿದ್ವಿ.”